ಬೈಗುಳವಿಲ್ಲದ 212 ಸಂದೇಶಗಳು: ಆನ್‌ಲೈನ್‌ನಲ್ಲಿ ಹಿಂದೆ ಬಿದ್ದವರನ್ನು ಹಿಡಿಯುವುದು ಏಕೆ ಕಷ್ಟ?

ಕಳೆದ ವರ್ಷ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದ ದಿನಗಳವು. ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಸಕಲೇಶಪುರ ಕಡೆಯ ಹುಡುಗಿ, ಹಾಸನದಲ್ಲಿ ಪಿಜಿಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ಬೆಳಗಿನ ಜಾವ ಎದ್ದು ದರ್ಶನದ ಸಾಲಿಗೆ ನಿಲ್ಲೋಣವೇ ಎಂದು ಕೇಳಿದರೆ, “ಬೇಡ ಚಿಕ್ಕಮ್ಮ, ಅವನು ಅಲ್ಲಿಗೂ ಬಂದಿರುತ್ತಾನೆ” ಎಂದಳು. ಯಾರು ಎಂದು ಕೇಳಿದೆ. “ಯಾರೆಂದು ನನಗೂ ಗೊತ್ತಿಲ್ಲ” ಎಂದು ಫೋನನ್ನು ನನ್ನ ಕೈಗಿಟ್ಟಳು.

“ಇವತ್ತಿನ ಹಸಿರು ಚೂಡಿದಾರ ಚೆನ್ನಾಗಿತ್ತು.” “ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತಲ್ಲ, ಖುಷಿಯಾಯಿತು.” “ಅಮ್ಮನ ಮಂಡಿನೋವು ಹೇಗಿದೆ?” “ರಾತ್ರಿ 1 ಗಂಟೆಯಾದರೂ ಆನ್‌ಲೈನ್‌ನಲ್ಲಿದ್ದೆಯಲ್ಲ, ನಿದ್ದೆ ಬರಲಿಲ್ಲವೇ?”

ಎರಡು ತಿಂಗಳು, ಆರು ಖಾತೆಗಳು, 212 ಸಂದೇಶಗಳು. ಒಂದು ಖಾತೆಯನ್ನು ಬ್ಲಾಕ್ ಮಾಡಿದರೆ ಎರಡು ದಿನದೊಳಗೆ ಇನ್ನೊಂದು ಹುಟ್ಟಿಕೊಳ್ಳುತ್ತಿತ್ತು. ಅಷ್ಟರಲ್ಲಿ ಒಂದೇ ಒಂದು ಬೈಗುಳವಿರಲಿಲ್ಲ, ಹೊಲಸು ಮಾತಿರಲಿಲ್ಲ, ಬೆದರಿಕೆಯಿರಲಿಲ್ಲ. ಹುಡುಗಿಯನ್ನು ತಡೆದು ನಿಲ್ಲಿಸಿದ್ದೂ ಅದೇ. “ಪೊಲೀಸರಿಗೆ ತೋರಿಸಿದರೆ ಇದರಲ್ಲಿ ತಪ್ಪೇನಿದೆ ಎನ್ನುತ್ತಾರೆ. ಆಗ ನಾನು ಏನು ಹೇಳಲಿ?” ಎಂದು ಕೇಳಿದಳು.

ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಕಾನೂನು ಓದಿ, ವಕೀಲರನ್ನೂ ಪೊಲೀಸರನ್ನೂ ಕೇಳಿ ಅರ್ಥಮಾಡಿಕೊಂಡಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಓದುವ ಮಕ್ಕಳಿರುವ ಎಲ್ಲರಿಗೂ ಇದು ತಿಳಿದಿರಬೇಕು.

ಸ್ಟಾಕಿಂಗ್ ಎಂದರೇನು?

“ಅವನು ಆ ಹುಡುಗಿಯ ಹಿಂದೆ ಬಿದ್ದಿದ್ದಾನೆ” ಎಂಬ ಮಾತು ನಮ್ಮಲ್ಲಿ ಹಳೆಯದು. ಬಸ್ ನಿಲ್ದಾಣದಿಂದ ಕಾಲೇಜಿನ ಗೇಟಿನವರೆಗೆ ಬೈಕಿನಲ್ಲಿ ಹಿಂಬಾಲಿಸುವುದು, ಮನೆಯೆದುರು ಸುಳಿದಾಡುವುದು, ಬೇಡವೆಂದರೂ ಮಾತಿಗೆಳೆಯುವುದು, ಇದನ್ನೇ ಇಂಗ್ಲಿಷಿನಲ್ಲಿ ಸ್ಟಾಕಿಂಗ್ ಎನ್ನುತ್ತಾರೆ. ಬೈಕಿನ ಜಾಗಕ್ಕೆ ಮೊಬೈಲ್ ಬಂದರೆ ಅದು ಆನ್‌ಲೈನ್ ಸ್ಟಾಕಿಂಗ್. ಬೈಕಿನವನು ಕತ್ತಲಾದ ಮೇಲೆ ಮನೆಗೆ ಹೋಗಲೇಬೇಕು, ರಸ್ತೆಯಲ್ಲಿ ನಾಲ್ಕು ಜನ ನೋಡುತ್ತಾರೆ ಎಂಬ ಅಳುಕೂ ಅವನಿಗಿರುತ್ತದೆ. ಮೊಬೈಲಿನಲ್ಲಿ ಬಂದವನು ದಿಂಬಿನ ಪಕ್ಕದಲ್ಲೇ ಇರುತ್ತಾನೆ, ಅವನನ್ನು ನೋಡುವವರು ಯಾರೂ ಇಲ್ಲ.

ಇದನ್ನು ಬೇರೆ ಅಪರಾಧಗಳಂತೆ ನೋಡಿದರೆ ಅರ್ಥವಾಗುವುದಿಲ್ಲ. ಕಳ್ಳತನಕ್ಕೆ ಒಂದು ರಾತ್ರಿಯಿದೆ, ಹಲ್ಲೆಗೆ ಒಂದು ಏಟಿದೆ. ಇಲ್ಲಿ ಅಂಥ ಒಂದು ಗಳಿಗೆಯೇ ಇಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಮಣ್ಣಿನ ಗೋಡೆ ಕುಸಿದಾಗ ಯಾವ ಹನಿಯಿಂದ ಕುಸಿಯಿತು ಎಂದು ಯಾರೂ ಕೇಳುವುದಿಲ್ಲ. ತಿಂಗಳುಗಟ್ಟಲೆ ನೆನೆದಿತ್ತು, ಕುಸಿಯಿತು. “ಹಸಿರು ಚೂಡಿದಾರ ಚೆನ್ನಾಗಿತ್ತು” ಎಂಬುದು ಒಂದು ಹನಿ. 212 ಹನಿಗಳ ಹೊತ್ತಿಗೆ ಆ ಹುಡುಗಿ ಹಸಿರು ಚೂಡಿದಾರ ತೊಡುವುದನ್ನು ಬಿಟ್ಟಿದ್ದಳು, ಕಿಟಕಿ ಪಕ್ಕ ಕೂರುವುದನ್ನು ಬಿಟ್ಟಿದ್ದಳು, ಈಗ ಗುಡಿಗೆ ಹೋಗುವುದನ್ನೂ ಬಿಡುತ್ತಿದ್ದಳು.

ಅವನಿಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ?

ಬಹಳಷ್ಟು ಸಲ ಇದಕ್ಕೆ ಕಂಪ್ಯೂಟರ್ ವಿದ್ಯೆ ಏನೂ ಬೇಕಿಲ್ಲ. ನಾವೇ ಚೆಲ್ಲಿದ ಚೂರುಗಳನ್ನು ಯಾರೋ ಆಯ್ದು ಜೋಡಿಸುತ್ತಾರೆ. ನಮ್ಮ ಹುಡುಗಿಯ ವಿಷಯದಲ್ಲಿ ಅಮ್ಮನ ಮಂಡಿನೋವಿನ ಸುದ್ದಿ ಹೊರಬಿದ್ದದ್ದು ನೆಂಟರೊಬ್ಬರು ಹಾಕಿದ್ದ ಆಸ್ಪತ್ರೆಯ ಫೋಟೊದಿಂದ. ಕಿಟಕಿ ಪಕ್ಕದ ಸೀಟು ಅವಳ ಗೆಳತಿ ಹಾಕಿದ್ದ ಹದಿನೈದು ಸೆಕೆಂಡಿನ ವಿಡಿಯೊದಲ್ಲಿತ್ತು. ಅವಳು ತನ್ನ ಖಾತೆಗೆ ಬೀಗ ಹಾಕಿಕೊಂಡಿದ್ದಳು, ಸುತ್ತಲಿನ ಹತ್ತು ಜನರ ಖಾತೆಗಳು ತೆರೆದೇ ಇದ್ದವು.

ಎರಡನೆಯ ದಾರಿ ಫೋನಿನ ಒಳಗೇ ಇರುತ್ತದೆ. ನಮ್ಮ ಊರುಗಳಲ್ಲಿ ಹೊಸ ಫೋನ್ ಕೊಂಡಾಗ ಜಿಮೇಲ್ ಖಾತೆಯನ್ನು ಬೇರೆ ಯಾರೋ ತೆರೆದುಕೊಡುತ್ತಾರೆ: ಅಂಗಡಿಯವರು, ಅಣ್ಣನ ಸ್ನೇಹಿತ, ಒಂದು ಕಾಲದಲ್ಲಿ ಹತ್ತಿರವಿದ್ದ ಗೆಳೆಯ. ಆ ಗುಪ್ತಪದ ವರ್ಷಗಟ್ಟಲೆ ಬದಲಾಗುವುದಿಲ್ಲ. ಅದನ್ನು ತಿಳಿದವರು ತಮ್ಮ ಮನೆಯಲ್ಲೇ ಕುಳಿತು ಫೋಟೊ, ಮೇಲ್, ಕೆಲವೊಮ್ಮೆ ಫೋನ್ ಎಲ್ಲಿದೆ ಎಂಬುದನ್ನೂ ನೋಡಬಹುದು. ವಾಟ್ಸ್ಆ್ಯಪ್‌ಗೆ ಬೇರೊಂದು ಕಂಪ್ಯೂಟರನ್ನು ಜೋಡಿಸಲು ಫೋನ್ ಅರ್ಧ ನಿಮಿಷ ಕೈಗೆ ಸಿಕ್ಕರೆ ಸಾಕು. ಅದರ ಸೆಟ್ಟಿಂಗ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಒತ್ತಿದರೆ ಯಾವ ಯಾವ ಯಂತ್ರಗಳಲ್ಲಿ ನಿಮ್ಮ ಮಾತುಕತೆ ತೆರೆದಿದೆ ಎಂಬ ಪಟ್ಟಿ ಬರುತ್ತದೆ. ಇದನ್ನು ಓದುತ್ತಿರುವಾಗಲೇ ಒಮ್ಮೆ ನೋಡಿಬಿಡಿ.

ಕದ್ದು ನೋಡುವುದಕ್ಕೆಂದೇ ಮಾಡಿದ ಆ್ಯಪ್‌ಗಳೂ ಇವೆ. ಬೀಗದ ಕೈ, ಬ್ಯಾಗು ಕಳೆದುಹೋದರೆ ಹುಡುಕಲೆಂದು ಬಂದ ನಾಣ್ಯದ ಗಾತ್ರದ ಟ್ರ್ಯಾಕರ್‌ಗಳನ್ನು ಇನ್ನೊಬ್ಬರ ಸ್ಕೂಟಿಯಲ್ಲಿ ಅಡಗಿಸಿಡುವವರೂ ಇದ್ದಾರೆ. ಗೊತ್ತಿಲ್ಲದ ಟ್ರ್ಯಾಕರ್ ಒಂದು ನಮ್ಮ ಜೊತೆಯಲ್ಲೇ ಸಾಗುತ್ತಿದ್ದರೆ ಫೋನು ಎಚ್ಚರಿಸುವ ವ್ಯವಸ್ಥೆಯನ್ನು 2024ರಲ್ಲಿ ಆ್ಯಪಲ್ ಮತ್ತು ಗೂಗಲ್ ಸೇರಿ ತಂದವು. ಅಂಥ ಎಚ್ಚರಿಕೆ ಬಂದರೆ ಒರೆಸಿ ಹಾಕಬೇಡಿ.

ಇನ್ನೊಂದು ಬಗೆಯಲ್ಲಿ ಅವನು ನೇರವಾಗಿ ಕಾಡುವುದೇ ಇಲ್ಲ, ಊರವರಿಂದ ಕಾಡಿಸುತ್ತಾನೆ. ಹುಡುಗಿಯ ಹೆಸರು, ಫೋಟೊ, ನಂಬರು ಹಾಕಿ ನಕಲಿ ಖಾತೆ ತೆರೆದು ಎಲ್ಲರಿಗೂ ಆಹ್ವಾನ ಕಳುಹಿಸುತ್ತಾನೆ, ಅವಳ ಫೋನು ಹಗಲು ರಾತ್ರಿ ರಿಂಗಾಗುತ್ತದೆ. ಭಾರತದಲ್ಲಿ ಮೊದಲು ಸುದ್ದಿಯಾದ ಆನ್‌ಲೈನ್ ಸ್ಟಾಕಿಂಗ್ ಪ್ರಕರಣ ಇಂಥದ್ದೇ. ಈ ಶತಮಾನದ ಆರಂಭದಲ್ಲಿ ದೆಹಲಿಯಲ್ಲಿ ಒಬ್ಬ ವ್ಯಕ್ತಿ ಮಹಿಳೆಯೊಬ್ಬರ ಹೆಸರಿನಲ್ಲಿ ಚಾಟ್ ಮಾಡುತ್ತಾ ಅವರ ದೂರವಾಣಿ ಸಂಖ್ಯೆಯನ್ನು ಹಂಚಿದ್ದ. ಅವನ ಮೇಲೆ ಹಾಕಲು ಸರಿಯಾದ ಕಲಮೇ ಆಗ ಇರಲಿಲ್ಲ. ಮಹಿಳೆಯ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳ ಬಗ್ಗೆ ಇದ್ದ ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 509ನೇ ಕಲಮಿನಡಿ ಪ್ರಕರಣ ದಾಖಲಿಸಿಕೊಂಡಿದ್ದರು.

ಎರಡು 78ಗಳು

ಸ್ಟಾಕಿಂಗ್ ಎಂಬ ಹೆಸರು ನಮ್ಮ ಕಾನೂನಿಗೆ ಬಂದದ್ದು 2013ರಲ್ಲಿ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು, ಸಂಸತ್ತು ಕ್ರಿಮಿನಲ್ ಕಾನೂನನ್ನು ತಿದ್ದಿತು, ಭಾರತೀಯ ದಂಡ ಸಂಹಿತೆಗೆ 354ಡಿ ಸೇರಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಇದೇ ಅಪರಾಧ 78ನೇ ಕಲಮಿನಲ್ಲಿದೆ.

ಆ ಕಲಮು ಎರಡು ಕೆಲಸಗಳನ್ನು ಅಪರಾಧ ಎನ್ನುತ್ತದೆ. ಮೊದಲನೆಯದು, ಮಹಿಳೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಪುರುಷನೊಬ್ಬ ಸಲುಗೆ ಬೆಳೆಸಲೆಂದು ಆಕೆಯನ್ನು ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಿಸುವುದು ಅಥವಾ ಸಂಪರ್ಕಿಸಲು ಯತ್ನಿಸುವುದು. ಎರಡನೆಯದು, ಆಕೆ ಇಂಟರ್ನೆಟ್, ಇಮೇಲ್ ಮುಂತಾದವುಗಳನ್ನು ಬಳಸುವುದರ ಮೇಲೆ ಕಣ್ಣಿಡುವುದು. ಎರಡನೆಯದಕ್ಕೆ ಒಂದು ಸಂದೇಶ ಕೂಡ ಕಳುಹಿಸಿರಬೇಕಾಗಿಲ್ಲ. ಮೊದಲ ಸಲ ತಪ್ಪಿತಸ್ಥನಾದರೆ 3 ವರ್ಷದವರೆಗೆ ಸಜೆ ಮತ್ತು ದಂಡ, ಮತ್ತೆ ಅದೇ ಅಪರಾಧದಲ್ಲಿ ತಪ್ಪಿತಸ್ಥನಾದರೆ 5 ವರ್ಷದವರೆಗೆ. ಮೊದಲ ಸಲ ಜಾಮೀನು ಅವನ ಹಕ್ಕು.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಂದೇಶದಲ್ಲಿ ಬೈಗುಳ ಇರಬೇಕೆಂದು ಈ ಕಲಮು ಎಲ್ಲಿಯೂ ಹೇಳುವುದಿಲ್ಲ. ಅದು ಕೇಳುವುದು “ಬೇಡ ಎಂದಿದ್ದೀರಾ, ಆಮೇಲೂ ಮತ್ತೆ ಮತ್ತೆ ಬಂದನೇ” ಎಂಬುದನ್ನು. ಬೇಡ ಎಂದದ್ದು ಸ್ಪಷ್ಟವಾಗಿರಬೇಕು. ಅನೇಕ ಹುಡುಗಿಯರು ಹೆದರಿ ಏನೂ ಹೇಳದೆ ಸುಮ್ಮನಿರುತ್ತಾರೆ, ಕೋರ್ಟಿನಲ್ಲಿ ಆ ಮೌನವನ್ನು ತಿರುಚಲು ಆಗುತ್ತದೆ. ಒಂದೇ ಒಂದು ಸಲ “ನನಗೆ ಸಂದೇಶ ಕಳುಹಿಸಬೇಡಿ” ಎಂದು ಬರೆದು, ಅದರ ಚಿತ್ರ ಉಳಿಸಿಕೊಂಡು, ಆಮೇಲೆ ಏನೇ ಬಂದರೂ ಉತ್ತರ ಕೊಡದಿರುವುದು ಒಳ್ಳೆಯದು. ಬ್ಲಾಕ್ ಮಾಡಿದ ಮೇಲೂ ಹೊಸ ಖಾತೆಯಿಂದ ಬಂದನೆಂದರೆ ಬೇಡವೆಂದದ್ದು ಅವನಿಗೆ ತಿಳಿದಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಇನ್ನೊಂದು 78 ಇದೆ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯದು. ಬೇರೊಬ್ಬರ ಗುಪ್ತಪದ ಬಳಸಿದರೆ 66ಸಿ, ಬೇರೊಬ್ಬರಂತೆ ನಟಿಸಿ ವಂಚಿಸಿದರೆ 66ಡಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಾಂಗಗಳ ಚಿತ್ರ ತೆಗೆದರೆ ಅಥವಾ ಹರಡಿದರೆ 66ಇ, ಅಶ್ಲೀಲವಾದುದನ್ನು ಹರಡಿದರೆ 67, ಲೈಂಗಿಕ ದೃಶ್ಯವಾದರೆ 67ಎ. ಈ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಅಧಿಕಾರಿ ತನಿಖೆ ಮಾಡುವಂತಿಲ್ಲ ಎನ್ನುವುದೇ ಅದರ 78ನೇ ಕಲಮು. ಸಬ್‌ಇನ್‌ಸ್ಪೆಕ್ಟರ್ ಮುಖ್ಯಸ್ಥರಾಗಿರುವ ಹೋಬಳಿ ಠಾಣೆಗೆ ಹೋದರೆ “ಹಾಸನಕ್ಕೆ ಹೋಗಿ” ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ಟಾಕಿಂಗ್ ಅಪರಾಧಕ್ಕೆ ಮಾತ್ರ ಈ ಕಟ್ಟುಪಾಡು ಇಲ್ಲ, ಅದನ್ನು ಹತ್ತಿರದ ಠಾಣೆಯಲ್ಲೇ ದಾಖಲಿಸಬಹುದು.

ಗಂಡುಮಕ್ಕಳ ಹಿಂದೆ ಯಾರಾದರೂ ಬಿದ್ದರೆ? ನ್ಯಾಯ ಸಂಹಿತೆಯ 78 ಪುರುಷ ಮಾಡಿದ, ಮಹಿಳೆ ಅನುಭವಿಸಿದ ಅಪರಾಧಕ್ಕೆ ಮಾತ್ರ. ಯುವಕರು ಬೆದರಿಕೆ, ಸುಲಿಗೆ, ಗುರುತಿನ ಕಳವು ಮುಂತಾದ ಬೇರೆ ಕಲಮುಗಳ ಮೊರೆ ಹೋಗಬೇಕು. ಆದರೆ 18 ವರ್ಷದೊಳಗಿನ ಮಗು ಹುಡುಗನಾಗಲಿ ಹುಡುಗಿಯಾಗಲಿ, ಲೈಂಗಿಕ ಉದ್ದೇಶದಿಂದ ಪದೇ ಪದೇ ಆನ್‌ಲೈನ್‌ನಲ್ಲಿ ಸಂಪರ್ಕಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

ಪೊಲೀಸರಿಗೆ ಏಕೆ ಕಷ್ಟ?

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ದೂರು ಕೊಟ್ಟವರು ಬೇಸತ್ತು ಹಿಂತಿರುಗುವುದನ್ನು ಕಾಣುತ್ತೇವೆ. ಕೆಲವು ಕಡೆ ಅಸಡ್ಡೆಯಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಸಡ್ಡೆಯಿಲ್ಲದ ಅಧಿಕಾರಿಗೂ ದಾಟಲು ಹಲವು ಹಳ್ಳಗಳಿವೆ.

ಎಲ್ಲಕ್ಕಿಂತ ದೊಡ್ಡದು ಹೆಸರಿಲ್ಲದ ಖಾತೆಯ ಹಿಂದೆ ಯಾರಿದ್ದಾರೆ ಎಂದು ಕಂಡುಹಿಡಿಯುವುದು. ಇಂಟರ್ನೆಟ್‌ಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ ಎಂದು ಕೇಳಿರುತ್ತೀರಿ. ವಿಳಾಸ ಸಿಕ್ಕರೆ ಆಸಾಮಿ ಸಿಕ್ಕ ಹಾಗೆಯೇ ಎಂದು ನಾನೂ ತಿಳಿದಿದ್ದೆ. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸೇರಿ ಇರುವುದೇ ಸುಮಾರು 430 ಕೋಟಿ. ಫೋನುಗಳ ಸಂಖ್ಯೆಗೆ ಅದು ಸಾಲದು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ.

ಪಿಜಿಯನ್ನೇ ನೆನಪಿಸಿಕೊಳ್ಳಿ. ಬಾಗಿಲ ಸಂಖ್ಯೆ ಒಂದೇ, ಒಳಗೆ ನೂರು ಜನ, ತಿಂಗಳಿಗೊಮ್ಮೆ ಕೋಣೆ ಬದಲಾಗುತ್ತದೆ. ಈ ಪಿಜಿಯಿಂದ ಒಂದು ಕಾಗದ ಬಂದಿದೆ ಎಂದಷ್ಟೇ ಗೊತ್ತಾದರೆ ಬರೆದವರು ಯಾರೆಂದು ಹೇಳಲಾಗದು. ಯಾವ ಕೋಣೆ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದೂ ಬೇಕು. ಇಂಟರ್ನೆಟ್‌ನಲ್ಲಿ ಕೋಣೆಯ ಸಂಖ್ಯೆಯ ಕೆಲಸ ಮಾಡುವುದು ‘ಪೋರ್ಟ್’ ಎಂಬ ಇನ್ನೊಂದು ಅಂಕಿ. ಸಾಮಾಜಿಕ ಜಾಲತಾಣದ ಕಂಪನಿ ಐಪಿ ವಿಳಾಸ ಕೊಟ್ಟು ಪೋರ್ಟ್ ಕೊಡದಿದ್ದರೆ, ಮೊಬೈಲ್ ಕಂಪನಿ ಒಂದು ಹೆಸರಿನ ಬದಲು ಉದ್ದದ ಪಟ್ಟಿಯನ್ನೇ ಕೈಗಿಡುತ್ತದೆ.

ಹೊತ್ತಿನ ಲೆಕ್ಕದಲ್ಲೂ ಎಡವಟ್ಟಾಗುತ್ತದೆ. ಈ ಕಂಪನಿಗಳ ದಾಖಲೆಗಳು ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿರುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ದಾಖಲೆಯಲ್ಲಿ 14ನೇ ತಾರೀಖು 18 ಗಂಟೆ 40 ನಿಮಿಷ ಎಂದಿದ್ದರೆ ಹಾಸನದಲ್ಲಿ ಆಗ ನಡುರಾತ್ರಿ ಕಳೆದು 12 ಗಂಟೆ 10 ನಿಮಿಷ, ತಾರೀಖು 15. ಐದೂವರೆ ಗಂಟೆ ಕೂಡಿಸುವುದನ್ನು ಮರೆತು ಪತ್ರ ಬರೆದರೆ ಮೊಬೈಲ್ ಕಂಪನಿ ಆ ಹೊತ್ತಿಗೆ ಅದೇ ವಿಳಾಸ ಬಳಸುತ್ತಿದ್ದ ಸಂಬಂಧವೇ ಇಲ್ಲದ ಯಾರದೋ ಹೆಸರು ಕೊಡುತ್ತದೆ. ತಪ್ಪು ಮನೆಯ ಬಾಗಿಲಿಗೆ ಪೊಲೀಸ್ ಜೀಪು ಹೋಗಿ ನಿಲ್ಲುವುದು ಹೀಗೆ.

ವಿಳಾಸ ಮರೆಸುವ ವಿಪಿಎನ್ ಸೇವೆ ಬಳಸಿದ್ದರೆ ಜಾಡು ಹೊರದೇಶದ ಯಾವುದೋ ಸರ್ವರಿನ ಬಳಿ ನಿಲ್ಲುತ್ತದೆ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ‘ಸರ್ಟ್ ಇನ್’ 2022ರಲ್ಲಿ ಆದೇಶಿಸಿದಾಗ ಕೆಲವು ವಿಪಿಎನ್ ಕಂಪನಿಗಳು ಇಲ್ಲಿನ ಸರ್ವರುಗಳನ್ನೇ ಎತ್ತಿಕೊಂಡು ಹೋದವು. ಸಿಮ್ ಬೇರೆಯವರ ಹೆಸರಿನಲ್ಲಿದ್ದರೆ ಜಾಡು ಏನೂ ಅರಿಯದ ಒಬ್ಬ ಕೂಲಿಕಾರನ ಮನೆಗೆ ಹೋಗಿ ಮುಟ್ಟಬಹುದು.

ಎರಡನೆಯ ಹಳ್ಳ, ದಾಖಲೆಗಳು ಇರುವುದೇ ಹೊರದೇಶದಲ್ಲಿ. ನಾವು ಬಳಸುವ ದೊಡ್ಡ ಜಾಲತಾಣಗಳ ಮೂಲ ಅಮೆರಿಕ. ಖಾತೆ ತೆರೆದವರ ನಂಬರು, ಇಮೇಲ್, ಐಪಿ ವಿಳಾಸದಂಥ ಮೇಲ್ಮೈ ವಿವರಗಳನ್ನು ನಮ್ಮ ಪೊಲೀಸರು ಕಾನೂನುಬದ್ಧವಾಗಿ ಕೇಳಿದರೆ ಅವು ಕೊಡುವುದುಂಟು. ದೊಡ್ಡ ಕಂಪನಿಗಳು ಭಾರತದಲ್ಲೇ ಸಂಪರ್ಕಾಧಿಕಾರಿಯನ್ನು ಇಡಬೇಕು, ತನಿಖಾಧಿಕಾರಿ ಬರೆದು ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಒದಗಿಸಬೇಕು ಎಂದು 2021ರ ಐಟಿ ನಿಯಮಗಳೂ ಹೇಳಿವೆ. ಸಂದೇಶಗಳ ಒಳಗಿನ ಮಾತೇ ಬೇಕೆಂದರೆ ದಾರಿ ಉದ್ದ. ಭಾರತ ಮತ್ತು ಅಮೆರಿಕದ ನಡುವೆ 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂದ ಪರಸ್ಪರ ಕಾನೂನು ನೆರವು ಒಪ್ಪಂದವಿದೆ. ಮನವಿ ಜಿಲ್ಲೆಯಿಂದ ಹೊರಟು ಕೇಂದ್ರ ಗೃಹ ಸಚಿವಾಲಯ, ಅಲ್ಲಿಂದ ಅಮೆರಿಕದ ನ್ಯಾಯ ಇಲಾಖೆ, ಅಲ್ಲಿನ ಕೋರ್ಟು ಎಂದು ಸುತ್ತಿ ಬರಬೇಕು. ಅಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಸೈಬರ್ ಅಪರಾಧದಲ್ಲಿ ದೇಶಗಳು ಪರಸ್ಪರ ನೆರವಾಗಲೆಂದು 2001ರಲ್ಲಿ ರೂಪುಗೊಂಡ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸೇರಿಲ್ಲ.

ವಾಟ್ಸ್ಆ್ಯಪ್‌ನಂಥ ಕಡೆ ಇನ್ನೊಂದು ತೊಡಕು. 2016ರಿಂದ ಅಲ್ಲಿನ ಸಂದೇಶಗಳು ಕಳುಹಿಸಿದವರ ಫೋನಿನಲ್ಲಿ ಮುಚ್ಚಿಕೊಂಡು ಪಡೆದವರ ಫೋನಿನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಕವರಿನ ಮೇಲಿನ ವಿವರ ಕಂಪನಿಗೆ ಗೊತ್ತು, ಒಳಗಿನ ಕಾಗದ ಗೊತ್ತಿಲ್ಲ. ನಮ್ಮೆಲ್ಲರ ಖಾಸಗಿ ಮಾತನ್ನು ಕಾಯುವ ಬೀಗವೂ ಇದೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ, ಆ ಪ್ರಕರಣಕ್ಕೆ ಹೆಸರು ಬಂದದ್ದು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಕಾಡುವವನಿಗಾಗಿ ಆ ಬೀಗ ಒಡೆದರೆ ಕಾಡಿಸಿಕೊಂಡವಳ ಬಾಗಿಲೂ ತೆರೆದುಕೊಳ್ಳುತ್ತದೆ. ಪಡೆದವಳ ಫೋನಿನಲ್ಲಿ ಸಂದೇಶ ಹೇಗೂ ತೆರೆದೇ ಇರುತ್ತದೆ, ಸಾಕ್ಷಿಯನ್ನು ಅಲ್ಲಿಂದಲೇ ಪಡೆಯಬಹುದು.

ಮೂರನೆಯದು ಗಡಿ. ಹುಡುಗಿ ಇರುವುದು ಹಾಸನದಲ್ಲಿ, ಮನೆ ಸಕಲೇಶಪುರದಲ್ಲಿ, ಅವನು ಪಕ್ಕದ ಮೂಡಿಗೆರೆಯಲ್ಲಿ ಇರಬಹುದು. ಮೂಡಿಗೆರೆ ಎಂದರೆ ಚಿಕ್ಕಮಗಳೂರು ಜಿಲ್ಲೆ, ಬೇರೆ ಎಸ್‌ಪಿ. ನಮ್ಮ ಸರಹದ್ದಲ್ಲ ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ. ದೂರು, ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೊ ಎಫ್‌ಐಆರ್ ಎನ್ನುತ್ತಾರೆ. ದೂರನ್ನು ಆನ್‌ಲೈನ್‌ನಲ್ಲೂ ಕಳುಹಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಕೆಲಸದ ಹೊರೆಯೂ ಸಣ್ಣದಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ಆಮೇಲೆ ಜಿಲ್ಲೆಗಳಿಗೂ ಸೆನ್ ಠಾಣೆಗಳು ಬಂದವು. ಸೆನ್ ಎಂದರೆ ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರನ್ನೂ ನೋಡಿಕೊಳ್ಳಲೆಂದು ತೆರೆದ ಠಾಣೆ. 2022ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 65,893. ಅವುಗಳಲ್ಲಿ ನೂರಕ್ಕೆ ಸುಮಾರು 65 ಹಣದ ವಂಚನೆ. ಖಾತೆಯಿಂದ ಲಕ್ಷಗಳು ಹೋದವನು ಅಳುತ್ತಾ ಎದುರಿಗೆ ನಿಂತಿರುವಾಗ “ಹಸಿರು ಚೂಡಿದಾರ ಚೆನ್ನಾಗಿತ್ತು” ಎಂಬ ಸಂದೇಶ ಯಾವ ಸಾಲಿನಲ್ಲಿ ನಿಲ್ಲುತ್ತದೆ ಎಂದು ಊಹಿಸಬಹುದು.

ಹಾಗಾಗಿ ಎಷ್ಟೋ ದೂರುಗಳು ಎಫ್‌ಐಆರ್ ಆಗದೆ ಮುಚ್ಚಳಿಕೆಯಲ್ಲಿ ಮುಗಿಯುತ್ತವೆ. ಹುಡುಗನನ್ನು ಕರೆಸಿ, ಗದರಿಸಿ, “ಇನ್ನು ಮುಂದೆ ಹೀಗೆ ಮಾಡುವುದಿಲ್ಲ” ಎಂದು ಬರೆಸಿಕೊಂಡು ಕಳುಹಿಸುತ್ತಾರೆ. ಮನೆಯವರಿಗೂ ಅದೇ ನಿರಾಳ, ಕೋರ್ಟು ಕಚೇರಿ ಅಲೆಯಬೇಕಾಗಿಲ್ಲ. ಅವನು ಮತ್ತೆ ಶುರುಮಾಡಿದರೆ ಆ ಕಾಗದದ ಬಲ ಬಹಳ ಕಡಿಮೆ. ಅದೇ ಮೊದಲ ಸಲ ಪ್ರಕರಣ ನಡೆದು ಶಿಕ್ಷೆಯಾಗಿದ್ದರೆ ಎರಡನೆಯ ಸಲಕ್ಕೆ ಜಾಮೀನು ಹಕ್ಕಾಗಿ ಉಳಿಯುತ್ತಿರಲಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಆರಂಭಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟಾಕಿಂಗ್ ಸಂಜ್ಞೇಯ ಅಪರಾಧವೇ.

ದಾಖಲಾದ ಮೇಲೂ “ಏಕೆ ಬಂಧಿಸಲಿಲ್ಲ” ಎಂದು ಕೋಪ ಬರುವುದುಂಟು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಬಂಧಿಸದೆ ಮೊದಲು ನೋಟಿಸ್ ಕೊಟ್ಟು ವಿಚಾರಣೆಗೆ ಕರೆಯಬೇಕು ಎಂಬುದು ಕಾನೂನು. ಬಂಧಿಸಲಿಲ್ಲ ಎಂದ ಮಾತ್ರಕ್ಕೆ ಪ್ರಕರಣ ಬಿದ್ದುಹೋಯಿತು ಎಂದಲ್ಲ.

ಕಳುಹಿಸಿದವರಷ್ಟೇ ಅಲ್ಲ, ದಾಟಿಸಿದವರೂ

ಹಾಸನದವರು ಮರೆಯಲಾಗದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಮಹಿಳೆಯರ ಮೇಲೆ ನಡೆದ ದೌರ್ಜನ್ಯದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಈ ಜಿಲ್ಲೆಯ ಉದ್ದಗಲಕ್ಕೂ ಹಂಚಿಹೋದವು. ಆ ಮಹಿಳೆಯರು ಇದೇ ಊರಿನವರು, ಅವರಿಗೆ ಮನೆಯಿತ್ತು, ಮಕ್ಕಳಿದ್ದರು. ಅಂಥ ವಿಡಿಯೊ ಹಂಚುವುದು ಐಟಿ ಕಾಯ್ದೆಯ 67ಎ ಅಡಿ ಅಪರಾಧ ಎಂದು ವಿಶೇಷ ತನಿಖಾ ತಂಡ ಆಗ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಈ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಸಜೆ, 10 ಲಕ್ಷ ರೂಪಾಯಿವರೆಗೆ ದಂಡ. ತೆಗೆದವರು ಯಾರೇ ಇರಲಿ, ‘ನೋಡಿ’ ಎಂದು ಗುಂಪಿಗೆ ಹಾಕಿದವರಿಗೂ ಕಾನೂನು ಅದೇ.

ಖಾಸಗಿ ಚಿತ್ರ ಹರಡುತ್ತೇನೆಂದು ಯಾರಾದರೂ ಬೆದರಿಸುತ್ತಿದ್ದರೆ ತಡೆಯುವ ಒಂದು ಉಪಾಯವಿದೆ. 2021ರಲ್ಲಿ ಶುರುವಾದ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆ ಚಿತ್ರವನ್ನು ತಾನು ಪಡೆಯುವುದೇ ಇಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರದ ಬೆರಳಚ್ಚಿನಂಥ ಒಂದು ಅಂಕಿ ತಯಾರಿಸಿ, ಅದನ್ನು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಸಹಭಾಗಿ ಜಾಲತಾಣಗಳಿಗೆ ತಲುಪಿಸುತ್ತದೆ. ಆ ಬೆರಳಚ್ಚಿಗೆ ಹೊಂದುವ ಚಿತ್ರ ಅಲ್ಲಿ ಏರಿದರೆ ಅವು ಗುರುತಿಸಿ ತೆಗೆಯಬಲ್ಲವು. ಇದು 18 ವರ್ಷ ದಾಟಿದವರಿಗೆ. ಚಿಕ್ಕವರಿಗಾಗಿ ‘ಟೇಕ್ ಇಟ್ ಡೌನ್’ ಎಂಬ ಬೇರೆ ಸೇವೆ ಇದೆ.

ಕಾಡಿಸಿಕೊಂಡವರು ಮಾಡಬೇಕಾದ್ದು

ಸಾಮಾನ್ಯವಾಗಿ ಸಂದೇಶ ಬಂದ ಕೂಡಲೇ ಅಳಿಸುತ್ತೇವೆ, ಬ್ಲಾಕ್ ಮಾಡುತ್ತೇವೆ. ಮನಸ್ಸಿಗೆ ಅದೇ ಹಿತ. ಆದರೆ ಅಳಿಸಿದ್ದು ಸಾಕ್ಷಿ. ಮೊದಲು ಉಳಿಸಿ, ಆಮೇಲೆ ಬ್ಲಾಕ್ ಮಾಡಿ. ಸ್ಕ್ರೀನ್‌ಶಾಟ್‌ನಲ್ಲಿ ಸಂದೇಶದ ಜೊತೆ ದಿನ, ಹೊತ್ತು, ಖಾತೆಯ ಹೆಸರು ಕಾಣಬೇಕು. ಖಾತೆಯ ಹೆಸರನ್ನು ಅವನು ನಾಳೆ ಬದಲಿಸಬಹುದು, ಆದ್ದರಿಂದ ಪ್ರೊಫೈಲಿನ ಲಿಂಕನ್ನೂ ನಕಲು ಮಾಡಿಟ್ಟುಕೊಳ್ಳಿ. ತೆಗೆದುಹಾಕಿದ ಖಾತೆಯ ಮಾಹಿತಿಯನ್ನು 180 ದಿನ ಇಟ್ಟುಕೊಳ್ಳಬೇಕೆಂದು 2021ರ ನಿಯಮಗಳು ಹೇಳುತ್ತವೆ, ಆದ್ದರಿಂದ ದೂರು ತಡವಾದಷ್ಟೂ ಜಾಡು ಅಳಿಯುತ್ತದೆ. ಕೋರ್ಟಿಗೆ ಫೋನಿನ ನಕಲು ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಅಥವಾ ತನಿಖಾಧಿಕಾರಿ ಮಾಡಿಸುತ್ತಾರೆ. ನೀವು ಮೂಲ ಫೋನನ್ನು ರೀಸೆಟ್ ಮಾಡದೆ, ಮಾರದೆ ಇಟ್ಟುಕೊಂಡಿದ್ದರೆ ಸಾಕು.

ಜಾಲತಾಣಕ್ಕೂ ದೂರು ಕೊಡಿ. ನಕಲಿ ಖಾತೆ, ತಿರುಚಿದ ಚಿತ್ರ, ನಗ್ನತೆಯ ದೂರುಗಳಿಗೆ 2021ರ ನಿಯಮಗಳು 24 ಗಂಟೆಯ ಗಡುವು ಹಾಕಿದವು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವಿದೆ. 1930 ಮುಖ್ಯವಾಗಿ ಹಣದ ವಂಚನೆಗಾಗಿ ಇರುವ ಸಂಖ್ಯೆ. ಅವನು ಪಿಜಿಯ ಎದುರು ಬಂದು ನಿಂತಿದ್ದರೆ 112ಕ್ಕೆ ಕರೆ ಮಾಡಿ. ಕಾಡುವವನು ಗಂಡನೋ ಮಾಜಿ ಗಂಡನೋ ಆಗಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಫೋನು, ಸಂದೇಶದ ಮೂಲಕವೂ ಸಂಪರ್ಕಿಸಬಾರದೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು.

ಮನೆಯ ಹಿರಿಯರಿಗೆ ಒಂದು ಮಾತು ಹೇಳುತ್ತೇನೆ. ವಿಷಯ ತಿಳಿದೊಡನೆ ನನ್ನ ಭಾವ ಆಡಿದ ಮೊದಲ ಮಾತು, “ಆ ಫೋನು ಕಿತ್ತುಕೊಂಡು ಊರಿಗೆ ಕರೆದುಕೊಂಡು ಬಾ” ಎಂದು. ಅವರದು ಪ್ರೀತಿಯೇ, ಹೆದರಿಕೆಯೇ. ಆದರೆ ಎರಡು ತಿಂಗಳು ಆ ಹುಡುಗಿ ಯಾರಿಗೂ ಹೇಳದೆ ಒಬ್ಬಳೇ ನುಂಗಿಕೊಂಡದ್ದು ಸರಿಯಾಗಿ ಈ ಮಾತಿಗೆ ಹೆದರಿ. ತಪ್ಪು ಮಾಡಿದವನು ಎಲ್ಲೋ ಆರಾಮವಾಗಿರುತ್ತಾನೆ, ಓದು ಬಿಡಬೇಕಾದವಳು ಇವಳು ಎಂದಾದರೆ ಯಾವ ಮಗಳು ಬಾಯಿಬಿಟ್ಟಾಳು?

ಠಾಣೆಯಲ್ಲಿ

ಹೋಗುವ ಮುಂಚೆ ಮೂರು ರಾತ್ರಿ ಕುಳಿತು ಅವಳು ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಎಲ್ಲವನ್ನೂ ಬರೆದಳು. ಕ್ರಮಸಂಖ್ಯೆ, ದಿನಾಂಕ, ಹೊತ್ತು, ಖಾತೆ, ಸಂದೇಶ, ಆಗ ತಾನು ಎಲ್ಲಿದ್ದೆ ಎಂಬುದು. 31ನೆಯ ಸಾಲಿನಲ್ಲಿ “ದಯವಿಟ್ಟು ನನಗೆ ಸಂದೇಶ ಕಳುಹಿಸಬೇಡಿ” ಎಂಬ ಅವಳದೇ ಉತ್ತರವಿತ್ತು, ಅದರ ಕೆಳಗೆ ಕೆಂಪು ಗೆರೆ ಎಳೆದಳು. ಅದರ ನಂತರವೂ ಬಂದವು 182.

ಸ್ಟಾಕಿಂಗ್‌ಗೆ ಗುರಿಯಾದ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂಬ ನಿಯಮವಿದೆ. ಅದನ್ನು ಕೇಳಿದೆವು, ಸ್ವಲ್ಪ ಹೊತ್ತು ಕಾಯಿಸಿ ಕರೆಸಿದರು. ಆ ಅಧಿಕಾರಿ ಮೊದಲ ಪುಟ ಓದಿದಾಗ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟು, “ಊಟ ಸರಿಯಾಗಿ ಮಾಡುತ್ತಿದ್ದೀಯೇನಮ್ಮ?” ಎಂದು ಕೇಳಿದರು. ಹುಡುಗಿ ಅತ್ತಳು.

ಆಮೇಲೆ ನಮೂನೆ ತುಂಬಲು ಶುರುಮಾಡಿದರು. ಕೃತ್ಯ ನಡೆದ ದಿನ ಯಾವುದು ಎಂದು ಕೇಳಿದಾಗ ಹುಡುಗಿ ನನ್ನ ಮುಖ ನೋಡಿದಳು. ಯಾವ ದಿನವೆಂದು ಹೇಳುವುದು? ಅಧಿಕಾರಿ ನೋಟ್‌ಬುಕ್ಕಿನ ಮೊದಲ ಸಾಲಿನ ಮೇಲೆ ಒಂದು ಬೆರಳಿಟ್ಟರು, ಪುಟ ತಿರುವಿ ಕೊನೆಯ ಸಾಲಿನ ಮೇಲೆ ಇನ್ನೊಂದು. ಎಫ್‌ಐಆರ್ ನಮೂನೆಯಲ್ಲಿ ಆ ಪ್ರಶ್ನೆಯ ಮುಂದೆ ಎರಡು ಖಾಲಿ ಜಾಗಗಳಿರುತ್ತವೆ: ‘ದಿನಾಂಕದಿಂದ’, ‘ದಿನಾಂಕದವರೆಗೆ’. ಅವರು ಎರಡನ್ನೂ ತುಂಬಿದರು.